ಟೈಪ್ ಮಾಡಿಕೊಟ್ಟೆ, ಅಷ್ಟೇ

ಜಮಖಂಡಿ ಕಡೆಯ ಓದುಗಿಯೊಬ್ಬರ ನಾಲ್ಕು ಪುಟದ ಪತ್ರ. ಇತಿಹಾಸದಲ್ಲಿ ಎಂ.ಎ., ವಯಸ್ಸು 27, ಎರಡು ವರ್ಷದಿಂದ ಅತಿಥಿ ಉಪನ್ಯಾಸಕಿ. ಓದಿಸಿದ ಸರ್, ‘ನನ್ನ ಬಳಿಯೇ ಪಿಎಚ್.ಡಿ. ಮಾಡು, ವಿಷಯ ನಾನೇ ಕೊಡುತ್ತೇನೆ’ ಎನ್ನುತ್ತಾರೆ. ಕಬ್ಬು ಬೆಳೆಯುವ ಅಪ್ಪ, ‘ಅಷ್ಟು ವರ್ಷ ಸಂಬಳ ಯಾರು ಕೊಡುತ್ತಾರೆ?’ ಎನ್ನುತ್ತಾರೆ. ಅಪ್ಪನಿಗೆ ಓದಿನ ಬೆಲೆ ಗೊತ್ತಿಲ್ಲವೆಂದು ಮೂರು ಪುಟ ದೂರು.

ತಂಗಿ, ನಾನು ನಿಮ್ಮ ಅಪ್ಪನ ಪಕ್ಷ. ಕಾರ್ಖಾನೆಗೆ ಕಬ್ಬು ಸಾಗಿಸಿ ಬಿಲ್ಲಿಗಾಗಿ ಕಾಯುವುದು ಏನೆಂದು ಬೆಳೆಗಾರರಿಗೆ ಗೊತ್ತು. ಹದಿನಾಲ್ಕು ದಿನದೊಳಗೆ ಹಣ ಕೊಡಬೇಕೆಂದು 1966ರ ಆದೇಶವೇ ಇದೆ, ಇದ್ದೂ ಕಾಯುತ್ತಾರೆ. ನಿಮ್ಮ ದುಡಿಮೆಗೆ ಅಂಥದೊಂದು ಆದೇಶವೂ ಇಲ್ಲ.

ಯಾವ ದುಡಿಮೆ ಎಂದಿರಾ? ಕೊನೆಯ ಪುಟದಲ್ಲಿ ನೀವೇ ಬರೆದಿದ್ದೀರಿ: ‘ಸರ್ ಅವರ ಪುಸ್ತಕವನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಕೊಟ್ಟೆ, ಅಷ್ಟೇ. ಐಹೊಳೆ ಶಾಸನದ ಶಕ 556ಕ್ಕೆ ಇಸವಿ ತಪ್ಪಿತ್ತು, 78 ಕೂಡಿಸಿ 634 ಎಂದು ತಿದ್ದಿದೆ.’ ಆ ‘ಅಷ್ಟೇ’ ಓದಿ ನನಗೆ ಮೈಯುರಿಯಿತು. ಡಿಟಿಪಿ ಅಂಗಡಿಯವನಾದರೂ ಪುಟಕ್ಕಿಷ್ಟು ಎಂದು ಎಣಿಸಿಕೊಳ್ಳುತ್ತಾನೆ, ಇಸವಿಯ ತಪ್ಪನ್ನೂ ಹಾಗೆಯೇ ಬಿಡುತ್ತಾನೆ. ಪುಸ್ತಕದ ಅರಿಕೆಯಲ್ಲಿ ನಿಮ್ಮ ಹೆಸರಿದೆಯೇ? ಪತ್ರದಲ್ಲಿ ಆ ಮಾತಿಲ್ಲ, ಇಲ್ಲವೆಂದೇ ತಿಳಿಯುತ್ತೇನೆ. ಈ ಅಂಕಣದಲ್ಲಿ ಹಿಂದೆಯೂ ಹೇಳಿ ಬೈಸಿಕೊಂಡಿದ್ದೇನೆ: ವಿಷಯ ‘ಕೊಡುವ’ ಮಾರ್ಗದರ್ಶಕರು ಮುಂದೆ ಕೆಲಸವನ್ನೂ ಕೊಡುತ್ತಾರೆ, ತಮ್ಮದನ್ನು.

ಪಿಎಚ್.ಡಿ. ಬೇಡವೆಂದೆನೇ? ತಪ್ಪಾದ ಇಸವಿ ಕಣ್ಣಿಗೆ ಚುಚ್ಚುವವರೇ ಅದನ್ನು ಮಾಡಬೇಕು. ಆದರೆ ಅದು ಕನಿಷ್ಠ ಮೂರು ವರ್ಷದ ಕೆಲಸ, ಆರಕ್ಕೆ ಎಳೆಯುವುದೂ ಉಂಟು. ನೌಕರಿಗಾಗಿ ಎಂದಾದರೆ ಅವಸರವೇ ಇಲ್ಲ. 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಕನಿಷ್ಠ ಅರ್ಹತೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಅಥವಾ ರಾಜ್ಯಮಟ್ಟದ ಕೆ-ಸೆಟ್, ಪಿಎಚ್.ಡಿ. ಕಡ್ಡಾಯವಲ್ಲ. ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಶಿಷ್ಯವೇತನ ಸಿಕ್ಕರೆ ಸಂಶೋಧನೆ ಮಾಡುತ್ತಲೇ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಅಪ್ಪ ಕೇಳಿದ್ದಕ್ಕೆ ಉತ್ತರ ಇದೇ. ಮಹಿಳೆಯರಿಗೆ 35ರವರೆಗೆ ವಯೋಮಿತಿ ಸಡಿಲಿಕೆಯೂ ಇದೆ. ಆಗ ಬೆಳಗಾವಿಯ ರಾಣಿ ಚನ್ನಮ್ಮ, ವಿಜಯಪುರದ ಅಕ್ಕಮಹಾದೇವಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಎಲ್ಲಿಯ ಬಾಗಿಲನ್ನಾದರೂ ನಿಮ್ಮದೇ ವಿಷಯ ಹಿಡಿದು ತಟ್ಟಬಹುದು.

ನೆಟ್ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಮುಂದಿನದಕ್ಕೆ ಅರ್ಜಿ ಹಾಕಿ. ಫಲಿತಾಂಶ ಬರುವವರೆಗೆ ಎಲ್ಲಿಯೂ ನೋಂದಣಿ ಬೇಡ. ಸರ್ ಎರಡನೇ ಸಂಪುಟದ ಹಸ್ತಪ್ರತಿ ಕಳಿಸಿದರೆ, ‘ಪರೀಕ್ಷೆ ಇದೆ ಸರ್’ ಎಂದು ಲಕೋಟೆ ಒಡೆಯದೆ ಹಿಂದಿರುಗಿಸಿ.