ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ನಲ್ಲಿ ಸಣ್ಣಪುಟ್ಟ ಗೇಮ್, ಫೋಟೊ-ವಿಡಿಯೊ ಎಡಿಟಿಂಗ್ ಎರಡೂ ಆಗಬೇಕಾದರೆ ಮೊದಲು ಏನು ನೋಡಬೇಕು?

ಪ್ರೊಸೆಸರ್ ಹೆಸರಿಗಿಂತ ಮೊದಲು ರ‍್ಯಾಮ್ ನೋಡಿ: 16 ಜಿಬಿ ಇರಲಿ, ಅದೂ 8+8ರ ಎರಡು ಸ್ಟಿಕ್ ಆಗಿ, ಡೇಟಾ ಓಡಾಡುವ ಎರಡು ದಾರಿಗಳಲ್ಲಿ, ಅಂದರೆ ಎರಡು ಚಾನೆಲ್‌ಗಳಲ್ಲಿ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಚಿಪ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ರ‍್ಯಾಮನ್ನೇ ಎರವಲು ಪಡೆಯುತ್ತದೆ. ಡಿಡಿಆರ್4-3200 ರ‍್ಯಾಮ್ ಒಂದೇ ಸ್ಟಿಕ್ ಇದ್ದರೆ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಡೇಟಾ ಓಡಾಡುತ್ತದೆ, ಎರಡಿದ್ದರೆ 51.2. ಚಿಪ್ ಎಷ್ಟೇ ಚುರುಕಾಗಿರಲಿ, ದಾರಿ ಇಕ್ಕಟ್ಟಾದರೆ ಗೇಮ್ ತಡವರಿಸುತ್ತದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಪುಟ ತೆರೆದು, ಎರಡು ಸ್ಲಾಟ್‌ಗಳಲ್ಲಿ ಒಂದೇ ಬಳಕೆಯಲ್ಲಿದ್ದರೆ ಅದೇ ವೇಗದ ಇನ್ನೊಂದು 8 ಜಿಬಿ ಹಾಕಿಸಿ. ರ‍್ಯಾಮ್ ಬೋರ್ಡಿಗೇ ಬೆಸೆದಿದ್ದು ಖಾಲಿ ಸ್ಲಾಟ್ ಇಲ್ಲದಿದ್ದರೆ ಆಮೇಲೆ ಏರಿಸುವ ಮಾತೇ ಇಲ್ಲ, ಕೊಳ್ಳುವಾಗಲೇ 16 ಇರಬೇಕು.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದಕ್ಕೆ ಸಿಗುವ ವಿದ್ಯುತ್ ಎಷ್ಟು ವಾಟ್ ಎಂದು ಕೇಳಿ, ಅದು ಕಡಿಮೆಯಾದರೆ ವೇಗವೂ ಕಡಿಮೆ. ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4050 ಎಂಬ ಒಂದೇ ಹೆಸರಿನ ಕಾರ್ಡ್‌ಗಳಲ್ಲಿ 35ರಿಂದ 115 ವಾಟ್‌ವರೆಗೂ ಇವೆ. ಹೆಸರು ನೋಡಿ ಮೋಸಹೋಗುವುದು ಇಲ್ಲೇ.

ಇನ್ನು ಪರದೆ. ಅದು ಎಷ್ಟು ಬಣ್ಣ ತೋರಿಸಬಲ್ಲದು ಎಂಬುದನ್ನು ಎನ್‌ಟಿಎಸ್‌ಸಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ‘45% ಎನ್‌ಟಿಎಸ್‌ಸಿ’ ಎಂದಿದ್ದರೆ ಫೋಟೊ ಕೆಲಸಕ್ಕೆ ಬೇಡ. ವೆಬ್‌ನಲ್ಲಿ ಬಳಸುವ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಷ್ಟೇ ಅದರಲ್ಲಿ ಕಾಣುತ್ತವೆ. ಕೆಂಪು ಮಂಕಾಗಿದೆಯೆಂದು ನೀವು ಏರಿಸುತ್ತೀರಿ, ಒಳ್ಳೆಯ ಫೋನಿನಲ್ಲಿ ಅದೇ ಚಿತ್ರ ಕಣ್ಣು ಕುಕ್ಕುತ್ತದೆ.