ಲಿಸ್ಬನ್ನೋ ರೋಮೋ ಅಂತ ಕೇಳಿದ ತಮ್ಮನಿಗೆ

ತಮ್ಮಾ, ಎರಡೂ ಊರಲ್ಲಿ ಕೆಲಸ ಸಿಕ್ಕಿದೆ, ನಮ್ಮೂರಿಗೂ ಅಲ್ಲಿಗೂ ಎಷ್ಟು ಗಂಟೆ ವ್ಯತ್ಯಾಸ, ಯಾವುದು ನಮ್ಮಂಥವರಿಗೆ ಹೊಂದುತ್ತದೆ ಅಂತ ಕೇಳಿದ್ದೀಯ. ಅಕ್ಕಾ ಅಂತ ಕರೆದಿದ್ದೀಯಲ್ಲ, ಸಲುಗೆಯಿಂದಲೇ ಬರೆಯುತ್ತೇನೆ. ನಾನು ಲಿಸ್ಬನ್‌ನಲ್ಲಿ 4 ವರ್ಷ ಇದ್ದೆ, ರೋಮ್‌ಗೆ ಬಂದು 9 ವರ್ಷ ಆಯಿತು.

ಗಂಟೆಯ ಲೆಕ್ಕ ಸುಲಭ. ಚಳಿಗಾಲದಲ್ಲಿ ನಮ್ಮ ದೇಶ ಲಿಸ್ಬನ್‌ಗಿಂತ ಐದೂವರೆ ಗಂಟೆ ಮುಂದೆ, ರೋಮ್‌ಗಿಂತ ನಾಲ್ಕೂವರೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಎರಡಕ್ಕೂ ಒಂದೊಂದು ಗಂಟೆ ಕಡಿಮೆ. ಪೋರ್ಚುಗಲ್ ಕೂಡ 1992ರಲ್ಲಿ ರೋಮ್‌ನ ಸಮಯಕ್ಕೆ ಹೋಗಿತ್ತು. ಆದರೆ ಲಿಸ್ಬನ್ ಇರುವುದು ತೀರಾ ಪಶ್ಚಿಮಕ್ಕೆ. ಚಳಿಗಾಲದಲ್ಲಿ ಬೆಳಗಾಗುವಾಗ 9 ಗಂಟೆ ಹತ್ತಿರವಾಗುತ್ತಿತ್ತು, ಮಕ್ಕಳು ಕತ್ತಲಲ್ಲೇ ಶಾಲೆಗೆ ಹೋಗಬೇಕಿತ್ತು. 1996ರಲ್ಲಿ ಹಳೆಯ ಸಮಯಕ್ಕೇ ವಾಪಸ್ ಬಂದರು.

ಲಿಸ್ಬನ್ ಮೆತ್ತಗೆ ಮಾತಾಡುವ ಊರು. 1755ರ ನವೆಂಬರ್ 1ರಂದು ಭೂಕಂಪ, ಆಮೇಲೆ ಸಮುದ್ರದ ಅಲೆ, ಬೆಂಕಿ, ಎಲ್ಲ ಒಟ್ಟಿಗೇ ಬಂದು ಊರು ನೆಲಸಮವಾಗಿತ್ತು. ಅದಕ್ಕೇ ಹೊಸದಾಗಿ ಕಟ್ಟಿದ ಕೆಳಗಿನ ಬೈಶಾ ಕೇರಿಯಲ್ಲಿ ಬೀದಿಗಳೆಲ್ಲ ಗೆರೆ ಎಳೆದ ಹಾಗೆ, ಉಳಿದುಕೊಂಡ ಅಲ್ಫಾಮಾ ಕೇರಿಯಲ್ಲಿ ಮಾತ್ರ ಸುತ್ತಿ ಬಳಸುವ ಓಣಿಗಳು. ನಾನು ಶಿರಸಿ ಕಡೆಯವಳು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಕರಿಮೆಣಸಿನ ರಾಣಿ ಅಂತ ಕರೆದ ಪೋರ್ಚುಗೀಸರ ಊರು ಇದು ಅಂತ ಒಳಗೊಳಗೇ ಒಂದು ಹೆಮ್ಮೆ ಇತ್ತು. ಮೊದಲ ದಿನ ಮನೆ ಓನರ್ ಅಜ್ಜಿ ಚಾವಿ ಕೈಗಿಟ್ಟು ‘ಶಾವ್’ ಅಂದಾಗ ಕಣ್ಣು ತುಂಬಿ ಬಂತು. ನಮ್ಮ ಚಾವಿ, ಮೇಜು ಎಲ್ಲ ಅವರಿಂದಲೇ ಬಂದ ಮಾತು ಅಂತ ಗೊತ್ತಾದದ್ದು ಆಮೇಲೆ.

ಈಗ ನಿಜವಾಗಿ ಹೇಳಬೇಕಾದ ಮಾತು. ಲಿಸ್ಬನ್‌ನಲ್ಲಿ ಸಂಜೆ 6ಕ್ಕೆ ಕೆಲಸ ಮುಗಿಸಿ ಮನೆಗೆ ಫೋನ್ ಮಾಡುತ್ತಿದ್ದೆ. ಅಲ್ಲಿ ರಾತ್ರಿ 11.30. ಆಯಿ ನಿದ್ದೆಗಣ್ಣಲ್ಲೇ ಮಾತಾಡುತ್ತಿದ್ದಳು, ಅಪ್ಪಯ್ಯ 8.30ಕ್ಕೇ ಮಲಗಿರುತ್ತಿದ್ದರು. ಮಧ್ಯಾಹ್ನ 1 ಗಂಟೆಗೆ ಊಟದ ಬಿಡುವಿತ್ತಲ್ಲ, ಆಗ ಅಲ್ಲಿ ಸಂಜೆ 6.30. ಅಪ್ಪಯ್ಯ ತೋಟದಿಂದ ಬಂದು, ಕಾಲು ತೊಳೆದು, ಎಲೆಯಡಿಕೆಯ ಕವಳ ಹಾಕಿಕೊಂಡು ಜಗಲಿಯಲ್ಲಿ ಕೂರುವ ಹೊತ್ತು. ಆ ಹೊತ್ತು ನಾನು ಆಫೀಸಿನವರ ಜೊತೆ ಊಟಕ್ಕೆ ಹೋಗುತ್ತಿದ್ದೆ. ಹೊಸ ಜಾಗ, ಅವರಿಂದ ಬೇರೆಯಾಗಿ ಕಾಣಬಾರದು ಅನ್ನುವ ಆಸೆ. ಹೀಗೇ 4 ವರ್ಷ ಹೋಯಿತು. ರೋಮ್‌ಗೆ ಬಂದು, ಮಧ್ಯಾಹ್ನ 2ಕ್ಕೆ ಫೋನ್ ಮಾಡುವುದು ರೂಢಿ ಮಾಡಿಕೊಳ್ಳುವಷ್ಟರಲ್ಲಿ ಅಪ್ಪಯ್ಯನ ಕಿವಿ ಮಂದವಾಗಿತ್ತು. ಮಷಿನ್ ಹಾಕಿಸಿದ್ದೇವೆ, ಎದುರಿಗೆ ಮಾತಾಡಿದರೆ ಕೇಳುತ್ತದೆ, ಫೋನಿನಲ್ಲಿ ಅರ್ಧಂಬರ್ಧ. ‘ಎಂತ ಹೇಳ್ತಾಳೆ?’ ಅಂತ ಆಯಿಯನ್ನು ಕೇಳುವುದು ನನಗೆ ಇಲ್ಲಿಂದ ಕೇಳಿಸುತ್ತದೆ.

ರೋಮ್ ಗದ್ದಲದ ಊರು. ಮೆಟ್ರೋಗೆ ಅಗೆದಲ್ಲೆಲ್ಲ ಹಳೆಯ ಗೋಡೆ ಸಿಕ್ಕಿ ಕೆಲಸ ನಿಲ್ಲುತ್ತದೆ, ಬಸ್ಸಿಗೆ ನಂಬಿಕೆಯಿಲ್ಲ, ಜನ ಬೀದಿಯಲ್ಲೇ ಕೂಗಾಡಿ ಅಲ್ಲೇ ರಾಜಿಯಾಗುತ್ತಾರೆ. ಬಸ್ ಸ್ಟಾಪಿನಲ್ಲಿ ನಿಂತು ನಾನು ‘ಅಪ್ಪಯ್ಯಾ, ಊಟ ಆಯ್ತಾ’ ಅಂತ ಗಂಟಲು ಹರಿಯುವ ಹಾಗೆ ಕೂಗಿದರೂ ಯಾರೂ ತಿರುಗಿ ನೋಡುವುದಿಲ್ಲ. ಲಿಸ್ಬನ್‌ನ ಟ್ರಾಮಿನಲ್ಲಿ ಹಾಗೆ ಕೂಗಲು ನನಗೆ ಬಾಯಿ ಬರುತ್ತಿರಲಿಲ್ಲ. ನನಗೆ ಈ ಊರು ಹೊಂದಿದ್ದು ಅದಕ್ಕೇ.

ಉಳಿದದ್ದು ಸಣ್ಣ ವಿಷಯ. ಬೇಳೆ, ಅಕ್ಕಿ, ಮಸಾಲೆ ಲಿಸ್ಬನ್‌ನಲ್ಲಿ ಮಾರ್ತಿಂ ಮೊನೀಸ್ ಸುತ್ತ, ರೋಮ್‌ನಲ್ಲಿ ಪಿಯಾತ್ಸಾ ವಿತ್ತೋರಿಯೋ ಹತ್ತಿರ ಸಿಗುತ್ತವೆ. ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಮನೆಯಿಂದಲೇ ತಾ. ಲಿಸ್ಬನ್ ಆದರೆ ಮೊದಲು ತೆರಿಗೆ ನಂಬರ್ ಮಾಡಿಸು. ರೋಮ್ ಆದರೆ ಇಳಿದ 8 ಕೆಲಸದ ದಿನಗಳೊಳಗೆ ಪೋಸ್ಟ್ ಆಫೀಸಿನಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕು.

ನಿಮ್ಮ ಮನೆಯಲ್ಲಿ ಅಪ್ಪ ಅಮ್ಮ ಎಷ್ಟು ಗಂಟೆಗೆ ಮಲಗುತ್ತಾರೆ ಅಂತ ಬರೆದಿಲ್ಲ ನೀನು. ಅದನ್ನು ಮೊದಲು ತಿಳಿಸು, ಆಮೇಲೆ ಯಾವ ಊರು ಅಂತ ನೋಡೋಣ.