ಮೊದಲ ಚಳಿಗಾಲಕ್ಕೆ ಯಾರ ಟ್ರಕ್ ಹತ್ತಬೇಕು?

ಅಣ್ಣಾ ಎಂದು ಕರೆದು ಬರೆದಿದ್ದೀಯ, ಆದ್ದರಿಂದ ನೀನು ಎಂದೇ ಉತ್ತರಿಸುತ್ತೇನೆ. ಸಂಡೂರು–ಹೊಸಪೇಟೆ ದಾರಿಯಲ್ಲಿ ಅದಿರು ಲಾರಿ ಓಡಿಸಿದವನು ನೀನು. ನರ್ಸ್ ಆಗಿರುವ ಹೆಂಡತಿ, ಪುಟ್ಟ ಮಗಳೊಂದಿಗೆ ಪಿಆರ್ (ಕಾಯಂ ವಾಸದ ಅನುಮತಿ) ಮೇಲೆ ಕೆನಡಾದ ಟೊರಾಂಟೊ ಪಕ್ಕದ ಬ್ರಾಂಪ್ಟನ್‌ಗೆ ಬಂದಿದ್ದೀಯ, ಕಾರು ಓಡಿಸುವ ಜಿ ಲೈಸೆನ್ಸ್ ಕೈಸೇರಿದೆ. ದೂರದೂರಿನ ಟ್ರಕ್ ಕೆಲಸಕ್ಕೆ ಇಳಿಯಬಹುದೇ ಎಂದು ಕೇಳಿದ್ದೀಯ. ಜೊತೆಗೆ, ‘ನಿನ್ನ ಹೆಸರಲ್ಲಿ ಒಂದು ಕಂಪನಿ ಮಾಡಿಸಿಕೋ, ಮೈಲಿಗೆ ನಾಲ್ಕು ಸೆಂಟ್ ಜಾಸ್ತಿ ಕೊಡುತ್ತೇವೆ’ ಎನ್ನುವವರ ಬಳಿ ಸೇರಬಹುದೇ ಎಂದೂ ಕೇಳಿದ್ದೀಯ. ಕೆಲಸಕ್ಕೆ ಧಾರಾಳವಾಗಿ ಇಳಿ. ಅವರ ಬಳಿ ಮಾತ್ರ ಬೇಡ.

ಘಾಟಿಯಲ್ಲಿ ಲೋಡು ತುಂಬಿದ ಲಾರಿ ಇಳಿಸಿದ ಅನುಭವ ನಿನ್ನ ಕೈಕಾಲಿನಲ್ಲಿ ಉಳಿದಿರುತ್ತದೆ, ಇಲ್ಲಿನ ಕಾಗದದಲ್ಲಿ ಅದಕ್ಕೆ ಜಾಗವಿಲ್ಲ. ನಮ್ಮ ಪ್ರಾಂತ್ಯ ಒಂಟಾರಿಯೊದಲ್ಲಿ ಬೇಕಾಗಿರುವುದು ಎಝಡ್ ಲೈಸೆನ್ಸ್. ‘ಎ’ ದೊಡ್ಡ ಟ್ರೇಲರಿಗೆ, ‘ಝಡ್’ ಏರ್ ಬ್ರೇಕಿಗೆ. 2017ರ ಜುಲೈಯಿಂದ ಇದಕ್ಕೆ ಕನಿಷ್ಠ 103.5 ಗಂಟೆಗಳ ತರಬೇತಿ ಕಡ್ಡಾಯ. ರಸ್ತೆ ಪರೀಕ್ಷೆಯನ್ನು ಗೇರಿರುವ ಟ್ರಕ್ಕಿನಲ್ಲೇ ಕೊಡು. ಆಟೊಮ್ಯಾಟಿಕ್‌ನಲ್ಲಿ ಪಾಸಾದರೆ ಲೈಸೆನ್ಸಿನ ಮೇಲೆ ನಿರ್ಬಂಧ ಬೀಳುತ್ತದೆ.

ಪಶ್ಚಿಮದ ಪ್ರಾಂತ್ಯಗಳು ಇಂಥ ನಿಯಮಕ್ಕೆ ಎಚ್ಚೆತ್ತುಕೊಂಡಿದ್ದು 2018ರ ಏಪ್ರಿಲ್‌ನಲ್ಲಿ ನಡೆದ ಹಂಬೋಲ್ಟ್ ದುರಂತದ ನಂತರ. ಸಸ್ಕಾಚೆವಾನ್‌ನ ಒಂದು ಅಡ್ಡರಸ್ತೆಯಲ್ಲಿ ನಿಲ್ಲಬೇಕಿದ್ದ ಟ್ರಕ್ ನಿಲ್ಲದೆ ಹೆದ್ದಾರಿಗೆ ನುಗ್ಗಿತು. ಡಿಕ್ಕಿಯಲ್ಲಿ ಹುಡುಗರ ಹಾಕಿ ತಂಡದ ಬಸ್ಸಿನಲ್ಲಿದ್ದ 16 ಜನ ಸತ್ತರು. ಚಾಲಕ ಭಾರತದಿಂದ ಬಂದಿದ್ದ ಯುವಕ, ಕೆಲಸಕ್ಕೆ ಸೇರಿ ಕೆಲವೇ ವಾರಗಳಾಗಿದ್ದವು. ತಪ್ಪು ಒಪ್ಪಿಕೊಂಡ, ಎಂಟು ವರ್ಷ ಜೈಲು ಶಿಕ್ಷೆಯಾಯಿತು. ಅವನ ಪಾಲಿನ ತಪ್ಪು ಅವನದೇ. ಆದರೆ ಅಷ್ಟು ಹಸಿ ಕೈಗೆ ಎರಡು ಟ್ರೇಲರ್ ಕಟ್ಟಿ ಒಬ್ಬನನ್ನೇ ಕಳುಹಿಸಿದವರನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆದ್ದರಿಂದ ಮೊದಲ ಕಂಪನಿಯನ್ನು ಆರಿಸುವಾಗ ಮೈಲಿಗೆ ಎಷ್ಟು ಎಂದು ಕೇಳಬೇಡ. ಅನುಭವಿ ಚಾಲಕನ ಪಕ್ಕದಲ್ಲಿ ಎಷ್ಟು ವಾರ ಕೂರಿಸುತ್ತೀರಿ, ಅದರಲ್ಲಿ ಹಿಮದ ದಾರಿ ಎಷ್ಟು ಎಂದು ಕೇಳು. ಹೊಸಬರೆಂದರೆ ವಿಮೆಯವರು ಮುಖ ಸಿಂಡರಿಸುತ್ತಾರೆ, ಹಾಗಾಗಿ ಒಳ್ಳೆಯ ಕಂಪನಿಗಳ ಬಾಗಿಲು ಬೇಗ ತೆರೆಯುವುದಿಲ್ಲ. ಹೊಸಬರಿಗೆಂದೇ ತರಬೇತಿ ಇಟ್ಟಿರುವ ದೊಡ್ಡ ಕಂಪನಿಗಳಿವೆ, ಅಲ್ಲಿ ಕಾಯುವುದು ಲೇಸು.

ನಿನಗೆ ಬಂದಿರುವ ಆಹ್ವಾನವನ್ನು ಇಲ್ಲಿ ‘ಡ್ರೈವರ್ ಇಂಕ್’, ಅಂದರೆ ಚಾಲಕನೇ ಕಂಪನಿ, ಎನ್ನುತ್ತಾರೆ. ಟ್ರಕ್ ಅವರದು, ಲೋಡು ಅವರದು, ಎಲ್ಲಿಗೆ ಎಷ್ಟು ಹೊತ್ತಿಗೆ ಎಂದು ಹೇಳುವವರೂ ಅವರೇ. ಆದರೂ ನೀನು ನೌಕರನಲ್ಲ, ಬೇರೊಂದು ಕಂಪನಿಯ ಮಾಲೀಕ! ಕಡಿತವಿಲ್ಲದ ಚೆಕ್ ನೋಡಿ ಮನಸ್ಸು ಕುಣಿಯುತ್ತದೆ. ರಜೆಯ ಸಂಬಳವಿಲ್ಲ, ಪಿಂಚಣಿಗೆ ಅವರ ಪಾಲು ಇಲ್ಲ, ಕೆಲಸ ಹೋದರೆ ನಿರುದ್ಯೋಗ ವಿಮೆಯಿಲ್ಲ. ಇಂಥ ಕಂಪನಿಗೆ ಸಣ್ಣ ವ್ಯಾಪಾರದ ತೆರಿಗೆ ರಿಯಾಯಿತಿಯೂ ದಕ್ಕುವುದಿಲ್ಲ, ತೆರಿಗೆ ಇಲಾಖೆ ತಿರುಗಿ ನೋಡಿದ ದಿನ ಲೆಕ್ಕ ಕೊಡಬೇಕಾದವನು ನೀನೇ. ನನಗೆ ಪರಿಚಯವಿರುವ ಒಬ್ಬ ಹುಡುಗ ಹೀಗೆ ಸೇರಿ ಕೊನೆಯ ಎರಡು ತಿಂಗಳ ದುಡ್ಡಿಗಾಗಿ ಅಲೆದ. ಫೋನ್ ಎತ್ತುವವರೇ ಇರಲಿಲ್ಲ. ಟಿ4, ಅಂದರೆ ನೌಕರನಿಗೆ ಕೊಡುವ ವರ್ಷದ ಸಂಬಳ–ಕಡಿತದ ಚೀಟಿ, ಕೊಡುವವರ ಬಳಿ ಮಾತ್ರ ಸೇರು.

ಇನ್ನು ಓಡಿಸುವ ಮಾತು. ಊರಿನಲ್ಲಿ ಹಿಂದಕ್ಕೆ ತೆಗೆಯುವಾಗ ಕ್ಲೀನರ್ ಬಾಡಿಗೆ ಬಡಿಯುತ್ತಾ ‘ಬರಲಿ, ಬರಲಿ’ ಎನ್ನುತ್ತಿದ್ದ. ಇಲ್ಲಿ ಕ್ಲೀನರ್ ಇಲ್ಲ. 53 ಅಡಿ ಟ್ರೇಲರನ್ನು ಎರಡು ಟ್ರೇಲರುಗಳ ನಡುವಿನ ಸಂದಿಗೆ ಸೇರಿಸುವಾಗ ಅನುಮಾನ ಬಂದಷ್ಟು ಸಲವೂ ನೀನೇ ಇಳಿದು ಹೋಗಿ ನೋಡಬೇಕು. ಹಿಂದೆ ಕಾಯುತ್ತಿರುವವನು ಹಾರ್ನ್ ಹೊಡೆಯಲಿ, ನಗಲಿ, ಇಳಿ. ಟ್ರೇಲರ್ ಸಿಕ್ಕಿಸಿದ ಮೇಲೂ ಅಷ್ಟೇ: ಟಾರ್ಚ್ ಹಿಡಿದು ಕೆಳಗೆ ಬಗ್ಗಿ, ಟ್ರೇಲರಿನ ಅಡಿಯ ಕಿಂಗ್‌ಪಿನ್ ಎಂಬ ಗೂಟದ ಹಿಂದೆ ಕೊಂಡಿ ಪೂರ್ತಿ ಕಚ್ಚಿದೆಯೇ ಎಂದು ಕಣ್ಣಾರೆ ನೋಡು, ಟ್ರೇಲರಿನ ಬ್ರೇಕ್ ಹಿಡಿದು ಒಮ್ಮೆ ಮೆಲ್ಲಗೆ ಮುಂದಕ್ಕೆ ಎಳೆದು ನೋಡು. ಸದ್ದು ಕೇಳಿಸಿತು ಎಂದು ನಂಬಿ ಹೊರಟವರ ಟ್ರೇಲರುಗಳು ಯಾರ್ಡಿನಲ್ಲೇ ಮೂಗು ಊರಿ ಬಿದ್ದಿವೆ.

ಚಳಿಗಾಲದ ಬಗ್ಗೆ ಕೇಳಿದ್ದೀಯ. ಟೊರಾಂಟೊದಿಂದ ವಿನಿಪೆಗ್‌ಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಸುಪೀರಿಯರ್ ಸರೋವರದ ದಂಡೆಗೆ ಸಾಗುವ 17ನೇ ಹೆದ್ದಾರಿ ಬಹುಪಾಲು ಎರಡೇ ಲೇನು. ಒಂದು ಕಡೆ ಬಂಡೆ, ಕತ್ತಲಲ್ಲಿ ಅಡ್ಡ ಬರುವ ಮೂಸ್ ಎಂಬ ಭಾರೀ ಜಿಂಕೆ, ಎದುರಿನಿಂದ ನಿನ್ನಂತೆಯೇ ತುಂಬಿದ ಟ್ರಕ್. 2016ರ ಜನವರಿಯಲ್ಲಿ ನಿಪಿಗನ್ ನದಿಯ ಹೊಸ ಸೇತುವೆ ಚಳಿಯಲ್ಲಿ ಮೇಲೆದ್ದು ಮುಚ್ಚಿದಾಗ ಕೆನಡಾದ ಪೂರ್ವಕ್ಕೂ ಪಶ್ಚಿಮಕ್ಕೂ ಒಳದಾರಿಯೇ ಇಲ್ಲವಾಗಿತ್ತು. ಅಲ್ಲಿ ಕಾಣುವ ಹಿಮಕ್ಕಿಂತ ಕಾಣದ ಮಂಜುಗಡ್ಡೆ ಅಪಾಯ. ಮುಂದಿನ ವಾಹನದ ಚಕ್ರಗಳನ್ನು ನೋಡುತ್ತಿರು. ರಸ್ತೆ ಒದ್ದೆಯಾಗಿ ಹೊಳೆಯುತ್ತಿದ್ದರೂ ಚಕ್ರದಿಂದ ನೀರು ಸಿಡಿಯುವುದು ನಿಂತಿತೆಂದರೆ ಅದು ನೀರಲ್ಲ. ಆಗ ಬ್ರೇಕ್ ಒತ್ತಬೇಡ, ಆಕ್ಸಿಲರೇಟರಿನಿಂದ ಕಾಲನ್ನು ಮೆತ್ತಗೆ ತೆಗೆ. ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಿಗೆ ಹೋದರೆ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಚಕ್ರಕ್ಕೆ ಕಟ್ಟುವ ಚೈನು ಜೊತೆಗಿರಲೇಬೇಕು. ಅದನ್ನು ಕಟ್ಟುವುದನ್ನು ಯಾರ್ಡಿನಲ್ಲಿ ಹಗಲಿನಲ್ಲೇ ಕಲಿತುಕೋ.

ದಿನಕ್ಕೆ 13 ಗಂಟೆ ಓಡಿಸಬಹುದು, ಅಮೆರಿಕದೊಳಗೆ 11. ಲೆಕ್ಕವನ್ನು ಯಂತ್ರವೇ ಬರೆದುಕೊಳ್ಳುತ್ತದೆ. ಅದಕ್ಕಿಂತ ಜೀವ ಹಿಂಡುವುದು ಗೋದಾಮಿನ ಬಾಗಿಲಲ್ಲಿ ಕಾಯುವುದು. ಚಕ್ರ ತಿರುಗಿದರಷ್ಟೇ ದುಡ್ಡು. ಕಾದ ಹೊತ್ತಿಗೆ ಏನು ಕೊಡುತ್ತೀರಿ ಎಂದು ಸೇರುವ ಮೊದಲೇ ಕೇಳು. ನಿನ್ನದು ಇನ್ನೂ ಭಾರತದ ಪಾಸ್‌ಪೋರ್ಟ್, ಗಡಿ ದಾಟಲು ಅಮೆರಿಕದ ವೀಸಾ ಬೇಕು. ಅಲ್ಲಿಯವರೆಗೆ ಕೆನಡಾದೊಳಗಿನ ಲೋಡು ಸಾಕು. ಬ್ರಾಂಪ್ಟನ್ ಯಾರ್ಡುಗಳಲ್ಲಿ ಪಂಜಾಬಿ ಮಾತು ತಾನಾಗಿಯೇ ಬಂದುಬಿಡುತ್ತದೆ, ದಾರಿಯಲ್ಲಿ ಪಂಜಾಬಿಗಳ ಢಾಬಾಗಳೇ ನಮಗೂ ಅನ್ನದಾತರು. ಆದರೆ ಅಮೆರಿಕದಲ್ಲಿ ತಪಾಸಣೆಯವನಿಗೆ ಇಂಗ್ಲಿಷಿನಲ್ಲಿ ಉತ್ತರಿಸಲಾಗದಿದ್ದರೆ 2025ರ ಜೂನ್‌ನಿಂದ ಟ್ರಕ್ಕಿನಿಂದ ಇಳಿಸಿಬಿಡುತ್ತಾರೆ.

ನೀನು ಕೇಳದ ಒಂದು ವಿಷಯವಿದೆ. ವ್ಯಾಂಕೂವರ್ ಲೋಡು ಹಿಡಿದರೆ ಮನೆಗೆ ಬರಲು ಹತ್ತು ದಿನವಾದರೂ ಆಗುತ್ತದೆ. ಹೆಂಡತಿಗೆ ರಾತ್ರಿ ಪಾಳಿ ಬಿದ್ದ ದಿನ ಮಗಳ ಹತ್ತಿರ ಯಾರಿರುತ್ತಾರೆ? ಅದನ್ನು ಇಬ್ಬರೂ ಕೂತು ಮಾತಾಡಿ. ತರಬೇತಿ ಮುಗಿದ ಮೇಲೆ ಟೊರಾಂಟೊ–ಮಾಂಟ್ರಿಯಲ್ ದಾರಿಯಲ್ಲಿ ಟ್ರೇಲರ್ ಬದಲಿಸಿಕೊಳ್ಳುವ ಕೆಲಸ ಕೇಳಿ ನೋಡು: ನಡುದಾರಿಯ ಕಿಂಗ್‌ಸ್ಟನ್ ಆಸುಪಾಸಿನಲ್ಲಿ ಮಾಂಟ್ರಿಯಲ್ ಕಡೆಯಿಂದ ಬಂದ ಚಾಲಕನ ಟ್ರೇಲರ್ ನಿನಗೆ, ನಿನ್ನದು ಅವನಿಗೆ, ಇಬ್ಬರೂ ಪಾಳಿ ಮುಗಿಸಿ ತಮ್ಮ ತಮ್ಮ ಮನೆಗೆ. ದುಡ್ಡು ಕೊಂಚ ಕಡಿಮೆ. ಯಾವುದಾದರೂ ಕಂಪನಿಯ ಕರಾರು ಪತ್ರ ಕೈಗೆ ಬಂದರೆ ಸಹಿ ಹಾಕುವ ಮೊದಲು ನನಗೆ ಕಳುಹಿಸು, ಓದಿ ಹೇಳುತ್ತೇನೆ.